ಟೈಲರ್ ಅಂಗಡಿಯ ಟ್ಯಾಂಕಿಗೆ ಆರು ಹೊಸ ಮೀನು

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಗಲ್ಲಿಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. ಮೆಷಿನ್ ಎದುರಿಗೇ ಮೂರಡಿಯ ಮೀನಿನ ಟ್ಯಾಂಕ್. ಬ್ಲೌಸ್ ಅಳತೆ ಕೊಡೋಕೆ ಬಂದವರ ಮಕ್ಕಳು ಗಲಾಟೆ ಮಾಡದೆ ಕೂರಲಿ ಅಂತ ಇಟ್ಟಿದ್ದು ಎಂದು ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳು. ನನಗೇ ಬೇಕಿತ್ತು.

ಟ್ಯಾಂಕ್ ಹೊಸದಲ್ಲ. ಗಿರಾಕಿಯೊಬ್ಬರು ಬೆಂಗಳೂರಿಗೆ ಮನೆ ಬದಲಾಯಿಸುವಾಗ ಮೀನು ಸಮೇತ ಕೊಟ್ಟುಹೋದರು. ಎರಡು ಏಂಜೆಲ್, ಮೂರು ಮೊಲ್ಲಿ, ಗೇಣುದ್ದದ ಒಂದು ಸಕ್ಕರ್. ಐದಾರು ಮೀನಿಗೆ ಟ್ಯಾಂಕ್ ಖಾಲಿ ಖಾಲಿ ಕಾಣುತ್ತಿತ್ತು. ಖಾಲಿ ಕಂಡರೆ ಕೈ ಸುಮ್ನೆ ಇರುತ್ತಾ? ಒಂದು ಭಾನುವಾರ ಹೋಗಿ ಹತ್ತು ನಿಯಾನ್ ಟೆಟ್ರಾ ತಂದು ಬಿಟ್ಟೆ. ಲೈಟ್ ಹಾಕಿದರೆ ನೀಲಿ ಜರಿ ಎಳೆ ಓಡಾಡಿದ ಹಾಗೆ ಇತ್ತು. ಮೂರನೇ ದಿನ ಎಣಿಸಿದರೆ ಏಳು. ವಾರ ಕಳೆಯುವಷ್ಟರಲ್ಲಿ ನಾಲ್ಕು. ಸತ್ತ ಮೀನು ಎಲ್ಲೂ ತೇಲಲಿಲ್ಲ. ಫಿಲ್ಟರ್ ಬಿಚ್ಚಿ ನೋಡಿದೆ, ಟ್ಯಾಂಕ್ ಹಿಂದೆ ಟಾರ್ಚ್ ಹಾಕಿ ನೋಡಿದೆ. ಆಮೇಲೆ ಒಂದು ಬೆಳಿಗ್ಗೆ ದೊಡ್ಡ ಏಂಜೆಲ್ ಬಾಯಿಂದ ಒಂದು ನೀಲಿ ಬಾಲ ಹೊರಗೆ ಇಣುಕುತ್ತಿದ್ದದ್ದು ಕಂಡಿತು.

ಏಂಜೆಲ್ ಮೇಲೆ ಸಿಟ್ಟು ಬಂತು ನಿಜ, ಆದರೆ ಅದರದ್ದೇನು ತಪ್ಪು? ಅಮೆಜಾನ್ ಕಡೆಯ ನೀರಿನಲ್ಲಿ ಸಣ್ಣ ಮೀನನ್ನೂ ತಿಂದು ಬದುಕುವ ಜಾತಿ ಅದು. ನಾಣ್ಯದಷ್ಟಿರುವಾಗಿನಿಂದ ನಿಯಾನ್ ಜೊತೆಯಲ್ಲೇ ಬೆಳೆದ ಏಂಜೆಲ್ ಕೆಲವು ಸಲ ಸುಮ್ಮನಿರುತ್ತದಂತೆ. ನನ್ನದು ಆಗಲೇ ಅಂಗೈ ಅಗಲ ಆಗಿತ್ತು. ಅದಕ್ಕೆ ನಾನು ತಂದದ್ದು ಜೊತೆಗಾರರನ್ನಲ್ಲ, ತಿಂಡಿ.

ಸರಿ, ಹಾಗಾದರೆ ತಿನ್ನಲಾಗದ ಮೀನು ತರೋಣ ಅಂತ ನಾಲ್ಕು ಟೈಗರ್ ಬಾರ್ಬ್ ತಂದೆ. ದುಂಡಗಿನ ಗಟ್ಟಿ ಮೈ, ಕಪ್ಪು ಪಟ್ಟೆ, ಸಿಕ್ಕಾಪಟ್ಟೆ ಚುರುಕು. ಈ ಸಲ ಏಟು ಬಿದ್ದದ್ದು ಏಂಜೆಲ್‌ಗೆ. ಏಂಜೆಲ್ ಹೊಟ್ಟೆಯ ಕೆಳಗೆ ಎರಡು ಉದ್ದ ಎಳೆಗಳಿರುತ್ತವಲ್ಲ, ಅದನ್ನು ಬಾರ್ಬ್‌ಗಳು ಸರದಿ ಮೇಲೆ ಬಂದು ಕಚ್ಚಿ ಓಡುತ್ತಿದ್ದವು. ನಾಲ್ಕೇ ದಿನಕ್ಕೆ ಅದರ ಬೆನ್ನಿನ ರೆಕ್ಕೆ ಅಂಚು ಮಡಿಚಿ ಹೊಲಿಯದೆ ಬಿಟ್ಟ ಜಾರ್ಜೆಟ್ ಥರ ಎಳೆ ಎಳೆ ಆಯಿತು. ನಾನು ದಿನಾ ಪೀಕೊ ಹಾಕುವವಳು, ಹರಿದ ಅಂಚು ಯಾವುದು, ಕಚ್ಚಿದ ಅಂಚು ಯಾವುದು ಅಂತ ಗೊತ್ತಾಗುತ್ತೆ. ಟೈಗರ್ ಬಾರ್ಬ್ ಎಂಟು ಹತ್ತು ಇದ್ದರೆ ತಮ್ಮ ತಮ್ಮಲ್ಲೇ ಓಡಿಸಾಡಿಕೊಂಡು ಇರುತ್ತವೆ, ನಾಲ್ಕೇ ಇದ್ದರೆ ಮಾಡಲು ಬೇರೆ ಕೆಲಸ ಇಲ್ಲದೆ ಪಕ್ಕದವರ ಬಾಲಕ್ಕೆ ಬೀಳುತ್ತವೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಾದರೂ ಏನು, ಉದ್ದ ರೆಕ್ಕೆಯ ಮೀನಿನ ಜೊತೆ ಹತ್ತು ಬಾರ್ಬ್ ಇಡುವ ಧೈರ್ಯ ನನಗಿಲ್ಲ. ತಂದ ಅಂಗಡಿಗೇ ಅರ್ಧ ಬೆಲೆಗೆ ವಾಪಸ್ ಕೊಟ್ಟೆ.

ಸಕ್ಕರ್ ಕಥೆ ಬೇರೆ. ಪಾಚಿ ತಿಂದು ಗಾಜು ತೊಳೆಯುತ್ತೆ ಅಂತ ಎಲ್ಲರೂ ಒಂದು ತರುತ್ತಾರೆ. ಅದು ಒಂದಡಿ ದಾಟಿ ಬೆಳೆಯುತ್ತೆ ಅಂತ ಯಾರೂ ಹೇಳಲ್ಲ. ದೊಡ್ಡದಾದ ಮೇಲೆ ನನ್ನದು ಪಾಚಿ ಬಿಟ್ಟು ಮೇವಿಗೇ ಕಾಯುತ್ತಿತ್ತು, ರಾತ್ರಿ ಗಿಡಗಳನ್ನೆಲ್ಲ ಬೇರು ಸಮೇತ ಎಬ್ಬಿಸುತ್ತಿತ್ತು, ಹಿಕ್ಕೆಯಂತೂ ನೂಲಿನುಂಡೆ ಬಿಚ್ಚಿದ ಹಾಗೆ. ಒಬ್ಬರು ಹಿರಿಯರು, "ಯಗಚಿ ಹೊಳೆಗೆ ಬಿಟ್ಟುಬಿಡಮ್ಮ, ಪುಣ್ಯ ಬರುತ್ತೆ" ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು. ಹೀಗೆ ಪುಣ್ಯಕ್ಕೆ ಬಿಟ್ಟು ಬಿಟ್ಟೇ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಈಗ ಅದರ ಸಂತಾನ ತುಂಬಿದೆ, ಅದರ ಮುಳ್ಳಿನ ಮೈಗೆ ಸಿಕ್ಕಿ ಮೀನುಗಾರರ ಬಲೆ ಹರಿಯುತ್ತದೆ. ಅಂಗಡಿಯವರ ಆರಡಿ ಟ್ಯಾಂಕಿನಲ್ಲಿ ಜಾಗ ಇತ್ತು, ಅಲ್ಲಿಗೆ ಕೊಟ್ಟೆ.

ಉಳಿದದ್ದು ಎರಡು ಏಂಜೆಲ್, ಮೂರು ಮೊಲ್ಲಿ. ನಿಯಾನ್ ನಾಲ್ಕೂ ಅಷ್ಟರಲ್ಲಿ ಮುಗಿದಿದ್ದವು. ಈ ಸಲ ಅಂಗಡಿಗೆ ಹೋಗುವ ಮೊದಲು ಮೂರು ತಿಂಗಳು ಏನೂ ತರದೆ ಬರೀ ನೋಡಿದೆ. ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದ ಹಾಗೆ ಮಾಡಿದ್ದೆ ಅಲ್ವಾ ಎರಡು ಸಲವೂ.

ಟೇಪ್ ಹಿಡಿದೆ. 36 ಇಂಚು ಉದ್ದ, 12 ಅಗಲ, 18 ಎತ್ತರ. ಮೂರನ್ನೂ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಬರುತ್ತೆ, ಸುಮಾರು 127. ಮೇಲೆ ಎರಡು ಇಂಚು ಖಾಲಿ, ಕೆಳಗೆ ಕಲ್ಲು. ನಿಜವಾದ ನೀರು 100 ಲೀಟರ್ ಅಂತಿಟ್ಟುಕೊಂಡೆ. ಈ ಲೆಕ್ಕ ಕೈಯಲ್ಲಿದ್ದರೆ ಆಸೆಯ ಅರ್ಧ ತಾನಾಗೇ ಕಮ್ಮಿ ಆಗುತ್ತೆ. ಒಬ್ಬ ಗಿರಾಕಿ ಎಂಟು ಕೆಂಪು, ಒಂದು ಕಪ್ಪು ಗೋಲ್ಡ್ ಫಿಶ್ ಹಾಕಿ, ವ್ಯಾಪಾರ ಕುದುರುತ್ತೆ ಅಂತ ವರ್ಷದಿಂದ ಹೇಳುತ್ತಿದ್ದಾರೆ. ಒಂಬತ್ತು ಗೋಲ್ಡ್ ಫಿಶ್ ಮಾಡುವ ಗಲೀಜಿಗೆ ನೂರು ಲೀಟರ್ ಎಲ್ಲಿ ಸಾಲುತ್ತೆ. ಅದೂ ಅಲ್ಲದೆ ಗೋಲ್ಡ್ ಫಿಶ್‌ಗೆ ತಣ್ಣೀರು ಹಿತ, ಏಂಜೆಲ್‌ಗೆ ಬೆಚ್ಚಗಿರಬೇಕು.

ಬಿಸಿ ವಿಷಯ ನಮ್ಮೂರಲ್ಲಿ ಮುಖ್ಯ. ಜುಲೈ ತಿಂಗಳು ಮಳೆ ಹಿಡಿದರೆ ಅಂಗಡಿಯೊಳಗಿನ ನೀರು 20 ಡಿಗ್ರಿಗೆ ಇಳಿಯುತ್ತೆ. ಡಿಸೆಂಬರ್ ಬೆಳಿಗ್ಗೆ ಇನ್ನೂ ಕಮ್ಮಿ. ಬೆಂಗಳೂರಿನವರು, ಮಂಗಳೂರಿನವರು ಹೀಟರ್ ಬೇಡ ಅನ್ನಬಹುದು, ನಮಗೆ ಬೇಕು. 100 ವಾಟ್ ಹೀಟರ್ ಹಾಕಿ 25ಕ್ಕೆ ಇಟ್ಟೆ. ಈ 25ಕ್ಕೆ ಒಗ್ಗುವ ಮೀನು ಮಾತ್ರ ನನ್ನ ಪಟ್ಟಿಯಲ್ಲಿ.

ನೀರಿನ ಗಡಸುತನ ನೋಡಿದ್ದು ಮೊಲ್ಲಿಗಳ ದೆಸೆಯಿಂದ. ಅವು ಮುಂದೆ ಹೋಗದೆ ನಿಂತಲ್ಲೇ ಮೈ ತೂಗುತ್ತಿದ್ದವು, ಚಳಿ ಜ್ವರ ಬಂದವರ ಹಾಗೆ. ಹೀಟರ್ ಹಾಕಿದ ಮೇಲೂ ನಿಲ್ಲಲಿಲ್ಲ. ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿ.ಡಿ.ಎಸ್. ಮೀಟರ್ ತಂದು ಅದ್ದಿದೆ. ಅಂಗಡಿಯ ನಲ್ಲಿ ನೀರು 90 ತೋರಿಸಿತು, ಮನೆಯ ಬೋರ್ ನೀರು 420. ಮೊಲ್ಲಿಗೆ ಗಡಸು ನೀರೇ ಬೇಕು, ನಮ್ಮ ನಲ್ಲಿ ನೀರು ಅದಕ್ಕೆ ತೀರಾ ತೆಳು. ಅವತ್ತಿನಿಂದ ಪ್ರತಿ ವಾರ ನೀರು ಬದಲಿಸುವಾಗ ಎರಡು ಬಕೆಟ್ ನಲ್ಲಿ ನೀರಿಗೆ ಒಂದು ಬಕೆಟ್ ಬೋರ್ ನೀರು. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕುವುದನ್ನು ಮರೆಯಬಾರದು. ನಿಧಾನವಾಗಿ ಮೀಟರ್ 200ರ ಹತ್ತಿರ ನಿಂತಿತು, ಮೊಲ್ಲಿಗಳ ತೂಗಾಟವೂ ನಿಂತಿತು. ಫಾರಂನಲ್ಲಿ ಬೆಳೆದ ಏಂಜೆಲ್‌ಗೆ ಇದು ಅಡ್ಡಿ ಇಲ್ಲ.

ಇನ್ನು ಯಾವ ಮೀನು? ಮಿಷಿನ್ ತುಳಿಯುತ್ತಾ ನೋಡಿ ನೋಡಿ ಒಂದು ವಿಷಯ ಹೊಳೆಯಿತು. ಏಂಜೆಲ್‌ಗಳು ನಡುವಿನ ನೀರು ಹಿಡಿದಿದ್ದವು, ಮೊಲ್ಲಿಗಳು ಮೇಲೆ ಮೇಯುತ್ತಿದ್ದವು. ತಳ ಪೂರ್ತಿ ಖಾಲಿ. ಸಕ್ಕರ್ ಹೋದ ಮೇಲೆ ಅಲ್ಲಿ ಯಾರೂ ಇಲ್ಲ. ಮತ್ತೆ ನಡುವಿಗೇ ಮೀನು ತಂದು ಏಂಜೆಲ್ ಜೊತೆ ಗುದ್ದಾಡಿಸುವ ಬದಲು ಖಾಲಿ ಇರುವ ಮಹಡಿಗೆ ಬಾಡಿಗೆದಾರರನ್ನು ಹುಡುಕೋಣ ಅಂದುಕೊಂಡೆ.

ಮನಸ್ಸು ಮಾತ್ರ ಮಿಸ್ ಕೇರಳದ ಮೇಲಿತ್ತು. ಕೆಂಪು ಗೆರೆ, ಕೆಳಗೆ ಕಪ್ಪು ಗೆರೆ, ಬಾಲದಲ್ಲಿ ಹಳದಿ ಚುಕ್ಕೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ ಮೀನು, ಪರದೇಶದವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಹಿಡಿದು ಹಿಡಿದು ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿದೆ, ಹಾಗಾಗಿ ತರುವುದಿದ್ದರೂ ಫಾರಂನಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ. ಆದರೆ ಅದು ಐದಾರು ಇಂಚು ಬೆಳೆಯುತ್ತೆ, ಗುಂಪಿನಲ್ಲಿ ಇರಬೇಕು, ಜೋರು ಹರಿವಿನಲ್ಲಿ ಈಜಿ ಅಭ್ಯಾಸ. ಅದರ ಓಟಕ್ಕೆ ನಾಲ್ಕಡಿ, ಐದಡಿ ಟ್ಯಾಂಕ್ ಬೇಕು. ಊರಿನ ಮೀನು ಅಂತ ಪ್ರೀತಿ ಇದ್ದರೂ ನನ್ನ ಮೂರಡಿಗೆ ಹೊಂದಲ್ಲ. ಬ್ಲೂ ಗೌರಾಮಿ ಅಂದುಕೊಂಡೆ, ಅದೂ ಏಂಜೆಲ್‌ನಷ್ಟೇ ಯಜಮಾನಿಕೆಯದ್ದು. ವಿಡೋ ಟೆಟ್ರಾ ಬಾಲ ಕಚ್ಚುವ ಜಾತಿಯೇ. ಕೊನೆಗೆ ಕೋರಿಡೋರಾಸ್, ಚಿಕ್ಕದಾಗಿ ಕೋರಿ, ಅಂತ ತೀರ್ಮಾನ ಮಾಡಿದೆ. ತಳದಲ್ಲಿ ಮೀಸೆ ಆಡಿಸುತ್ತಾ ತಿರುಗುವ ಎರಡೂವರೆ ಇಂಚಿನ ಸಾಧು ಮೀನು. ಯಾರ ಬಾಲಕ್ಕೂ ಹೋಗಲ್ಲ. ರೆಕ್ಕೆಯಲ್ಲಿ ಗಟ್ಟಿ ಮುಳ್ಳಿರುವುದರಿಂದ ಏಂಜೆಲ್ ನುಂಗುವುದಕ್ಕೂ ಹೋಗಲ್ಲ. ಒಂದೆರಡು ತಂದರೆ ಮೂಲೆ ಸೇರಿ ಕೂರುತ್ತವೆ, ಆರಾದರೂ ಬೇಕು.

ತರುವ ಮೊದಲು ತಳದ ಜಲ್ಲಿ ತೆಗೆದೆ. ಅದರ ಚೂಪು ಅಂಚಿಗೆ ಕೋರಿಯ ಮೀಸೆ ಸವೆದು ಹುಣ್ಣಾಗುತ್ತೆ. ನುಣ್ಣನೆಯ ಮರಳು ತಂದು, ನೀರು ತಿಳಿಯಾಗುವ ತನಕ ತೊಳೆದೆ. ಹನ್ನೊಂದು ಸಲ ತೊಳೆದೆ, ಸೊಂಟ ಬಿದ್ದುಹೋಯಿತು.

ಅಂಗಡಿಗೆ ಮೀನಿನ ಬಾಕ್ಸ್ ಬರುವುದು ಚೆನ್ನೈನ ಕೊಳತ್ತೂರು ಕಡೆಯಿಂದ. ಬಂದ ದಿನ ಒಳ್ಳೊಳ್ಳೆ ಮೀನು ಸಿಗುತ್ತೆ ಅಂತ ಎಲ್ಲರೂ ಓಡುತ್ತಾರೆ. ನಾನು ಬೇಕೆಂದೇ ಒಂದು ವಾರ ಬಿಟ್ಟು ಹೋದೆ. ಪ್ರಯಾಣದ ಸುಸ್ತಿಗೆ ಸಾಯುವ ಮೀನು ಅಷ್ಟರಲ್ಲಿ ಅಲ್ಲೇ ಸತ್ತಿರುತ್ತದೆ, ನನ್ನ ಟ್ಯಾಂಕಿನಲ್ಲಿ ಸಾಯುವುದಿಲ್ಲ. ಕೇಳೋಕೆ ಕಟುಕತನ ಅನಿಸಿದರೂ ಅದೇ ಸತ್ಯ. ಹತ್ತು ನಿಮಿಷ ಟ್ಯಾಂಕ್ ಎದುರು ನಿಂತೆ.

"ಅಕ್ಕಾ, ಯಾವ್ದು ಹಿಡೀಲಿ ಹೇಳಿ" ಅಂದ ಹುಡುಗ.

"ಮೊದಲು ಸ್ವಲ್ಪ ಫುಡ್ ಹಾಕಪ್ಪಾ, ನೋಡೋಣ."

ಅವನಿಗೆ ಬೇಜಾರಾಯಿತು, ಆದರೂ ಹಾಕಿದ. ಓಡಿ ಬಂದು ಮೂತಿ ಊರಿದ್ದನ್ನೆಲ್ಲ ತೋರಿಸಿದೆ. ಹೊಟ್ಟೆ ಒಳಗೆ ಸೇರಿದ್ದು, ಬೆನ್ನಿನ ರೆಕ್ಕೆ ಮಡಚಿಕೊಂಡದ್ದು, ಒಂಟಿಯಾಗಿ ಮೂಲೆಯಲ್ಲಿ ನಿಂತದ್ದು ಬೇಡ ಅಂದೆ. ಮೀಸೆ ಪೂರ್ತಿ ಇದೆಯಾ ಅಂತ ಬಗ್ಗಿ ನೋಡಿದೆ. ಆ ಟ್ಯಾಂಕಿನಲ್ಲಿ ಒಂದೇ ಒಂದು ಸತ್ತ ಮೀನು ಇದ್ದಿದ್ದರೂ ಬರಿಗೈಲಿ ವಾಪಸ್ ಬರುತ್ತಿದ್ದೆ. ಬಲೆಯಲ್ಲಿ ಹಿಡಿಯಬೇಡ, ಮುಳ್ಳು ಸಿಕ್ಕಿಕೊಳ್ಳುತ್ತೆ, ಮಗ್‌ನಲ್ಲಿ ಹಿಡಿ ಅಂತಲೂ ಹೇಳಿದೆ. ಮತ್ತೆ ಈ ಅಕ್ಕ ಬರಬಾರದಪ್ಪಾ ಅಂದುಕೊಂಡಿರುತ್ತಾನೆ.

ತಂದ ಆರನ್ನೂ ನೇರ ಟ್ಯಾಂಕಿಗೆ ಬಿಡಲಿಲ್ಲ. ಲೈನಿಂಗ್ ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಟಬ್ ಖಾಲಿ ಮಾಡಿ, 25 ಲೀಟರ್ ನೀರು ಹಾಕಿ, ಸಣ್ಣ ಹೀಟರ್ ಇಟ್ಟು, ಮೊದಲೇ ಒಂದು ತಿಂಗಳು ದೊಡ್ಡ ಟ್ಯಾಂಕಿನಲ್ಲಿ ಓಡಿಸಿದ್ದ ಸ್ಪಾಂಜ್ ಫಿಲ್ಟರ್ ಇಟ್ಟೆ. ಹಾಗೆ ಓಡಿಸಿದ ಸ್ಪಾಂಜಿನಲ್ಲಿ ಮೀನಿನ ಹಿಕ್ಕೆಯ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಕೂತಿರುತ್ತೆ, ಹೊಸ ಸ್ಪಾಂಜಿನಲ್ಲಿ ಇರಲ್ಲ. ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಆಮೇಲೆ ಐದೈದು ನಿಮಿಷಕ್ಕೆ ಒಂದು ಲೋಟ ಟಬ್ಬಿನ ನೀರು ಚೀಲಕ್ಕೆ ಹಾಕುತ್ತಾ ಹೋದೆ. ಮೀನು ಮಾತ್ರ ಟಬ್ಬಿಗೆ, ಚೀಲದ ನೀರು ಮೋರಿಗೆ.

ಆರನೇ ದಿನ ಒಂದರ ಬಾಲದ ಮೇಲೆ ಮೂರು ಬಿಳಿ ಚುಕ್ಕೆ. ಮಾರ್ಕಿಂಗ್ ಚಾಕ್ ಮುಟ್ಟಿಸಿದ ಹಾಗೆ. ಎದೆ ಧಸಕ್ ಅಂತು. ವೈಟ್ ಸ್ಪಾಟ್, ಮೀನಿನ ಮೈಗೆ ಅಂಟುವ ಪರಾವಲಂಬಿ ಜೀವಿಯ ರೋಗ. ದೊಡ್ಡ ಟ್ಯಾಂಕಿಗೆ ಬಿಟ್ಟಿದ್ದರೆ ಏಂಜೆಲ್, ಮೊಲ್ಲಿ ಎಲ್ಲದಕ್ಕೂ ಹತ್ತುತ್ತಿತ್ತು. ದಿನಕ್ಕೆ ಒಂದು ಡಿಗ್ರಿಯಂತೆ ಶಾಖ 29ಕ್ಕೆ ಏರಿಸಿದೆ, ಗಾಳಿ ಪಂಪ್ ಜೋರು ಮಾಡಿದೆ, ಔಷಧಿಯನ್ನು ಬಾಟಲಿಯಲ್ಲಿ ಬರೆದ ಅರ್ಧದಷ್ಟು ಹಾಕಿದೆ. ಕೋರಿಗೆ ಉಪ್ಪೂ ಆಗಲ್ಲ, ಜಾಸ್ತಿ ಔಷಧಿಯೂ ಆಗಲ್ಲ. ಚುಕ್ಕೆ ಮಾಯವಾದರೂ ರೋಗ ಹೋಯಿತು ಅಂತ ಅಲ್ಲ, ಆ ಪರಾವಲಂಬಿ ಮೈಯಿಂದ ಉದುರಿ ತಳದಲ್ಲಿ ಮರಿ ಮಾಡಿ ಮತ್ತೆ ಮೀನು ಹುಡುಕುತ್ತೆ. ಅದಕ್ಕೇ ಚುಕ್ಕೆ ಹೋದ ಮೇಲೂ ಔಷಧಿ ಮುಂದುವರಿಸಿದೆ. ನಡುವೆ ಒಂದು ರಾತ್ರಿ ಮಳೆಗೆ ಕರೆಂಟ್ ಹೋಗಿ ಐದು ಗಂಟೆ ಬರಲಿಲ್ಲ. ಬ್ಯಾಟರಿ ಪಂಪ್ ಹಾಕಿ, ಟಬ್ಬಿಗೆ ಹಳೇ ಕಂಬಳಿ ಸುತ್ತಿದೆ.

ಒಟ್ಟು ನಾಲ್ಕು ವಾರ ಟಬ್ಬಿನಲ್ಲೇ ಇದ್ದವು. ದೊಡ್ಡ ಟ್ಯಾಂಕಿಗೆ ಬಿಡುವ ದಿನ ಮೊದಲು ಕಲ್ಲು, ಗಿಡ ಎಲ್ಲ ಜಾಗ ಬದಲಿಸಿದೆ. ಹೀಗೆ ಮಾಡಿದರೆ ಇದು ನನ್ನ ಮೂಲೆ ಅಂತ ಹಿಡಿದು ಕೂತ ಹಳಬರಿಗೂ ಜಾಗ ಹೊಸದಾಗುತ್ತೆ. ಲೈಟ್ ಆರಿಸಿ ಸಂಜೆ ಬಿಟ್ಟೆ. ದೊಡ್ಡ ಏಂಜೆಲ್ ಒಂದು ಸುತ್ತು ಬಂದು ಮೂಸಿತು, ಹೋಯಿತು. ಅಷ್ಟೇ.

ಮರುದಿನ ನನ್ನ ಹತ್ತಿರ ಹೆಮ್ಮಿಂಗ್ ಕಲಿಯುವ ಹುಡುಗಿ, "ಅಕ್ಕಾ, ಒಂದು ಮೀನು ಉಸಿರು ಕಟ್ಟಿ ಮೇಲೆ ಹಾರ್ತಿದೆ" ಅಂತ ಕೂಗಿದಳು. ಓಡಿ ಹೋಗಿ ನೋಡಿದರೆ ಕೋರಿ ಸರ್ರನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಅಷ್ಟೇ ವೇಗಕ್ಕೆ ಕೆಳಗೆ ಬರುತ್ತಿದೆ. ಅದು ಅವುಗಳ ಅಭ್ಯಾಸ, ಕರುಳಿನಲ್ಲೂ ಗಾಳಿ ಎಳೆದುಕೊಳ್ಳುತ್ತವೆ. ನಿಮಿಷಕ್ಕೊಮ್ಮೆ ಎಲ್ಲವೂ ಹಾಗೆ ಮಾಡಿದರೆ ಮಾತ್ರ ನೀರು ಕೆಟ್ಟಿದೆ ಅಂತ ಅರ್ಥ. ಮೇವಿನ ವಿಷಯದಲ್ಲಿ ಒಂದು ತಪ್ಪು ಆಯಿತು. ಏಂಜೆಲ್ ತಿಂದು ಉಳಿದದ್ದು ಸಾಕು ಅಂದುಕೊಂಡಿದ್ದೆ. ಏಂಜೆಲ್ ಏನೂ ಉಳಿಸಲ್ಲ. ಈಗ ಅಂಗಡಿ ಮುಚ್ಚುವ ಮುಂಚೆ ಲೈಟ್ ಆರಿಸಿ, ಮುಳುಗುವ ಪೆಲೆಟ್ ಬೇರೆಯಾಗಿ ಹಾಕುತ್ತೇನೆ.

ಎಲ್ಲ ಸರಿ ಹೋಯಿತು ಅಂತ ಮೂರು ತಿಂಗಳು ಆರಾಮಾಗಿದ್ದೆ. ಹೋದ ತಿಂಗಳು ಏಂಜೆಲ್ ಎರಡೂ ಜೋಡಿ ಅಂತ ಗೊತ್ತಾಯಿತು. ಫಿಲ್ಟರ್ ಪೈಪಿನ ಮೇಲೆ ಸಾಲು ಸಾಲಾಗಿ ಮೊಟ್ಟೆ, ಸಾಬಕ್ಕಿ ಅಂಟಿಸಿದ ಹಾಗೆ. ಅವತ್ತು ಟ್ಯಾಂಕಿನ ಅರ್ಧ ಅವುಗಳದ್ದೇ, ಯಾರೂ ಆ ಕಡೆ ಬರುವ ಹಾಗಿಲ್ಲ. ಮೊಲ್ಲಿಗಳು ಎಡಗಡೆ ಮೂಲೆಗೆ, ಕೋರಿಗಳು ಕಲ್ಲಿನ ಹಿಂದೆ. ನಾಲ್ಕನೇ ದಿನ ಮೊಟ್ಟೆ ಒಂದೂ ಇರಲಿಲ್ಲ. ರಾತ್ರಿ ಕೋರಿಗಳು ತಿಂದವೋ, ತಂದೆ ತಾಯಿಯೇ ತಿಂದವೋ. ಮುಂದಿನ ಸಲ ಮೊಟ್ಟೆ ಇಟ್ಟರೆ ನಡುವೆ ಒಂದು ಜಾಲರಿ ಇಡಬೇಕು ಅಂತ ಅಳತೆ ತೆಗೆದಿಟ್ಟಿದ್ದೇನೆ, 12 ಬೈ 18.

ಟಬ್ ತೊಳೆದು ಒಣಗಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ. ಲೈನಿಂಗ್ ಬಟ್ಟೆಗಳು ಅಂದಿನಿಂದ ಕುರ್ಚಿ ಮೇಲೆಯೇ ಇವೆ.