ತೇವ ಕುಡಿದ ವಾಲ್ವ್ ಆಂಪ್ಲಿಫೈಯರ್‌ಗೆ ಮೊದಲು ಕಾವು, ಆಮೇಲೆ ಬಿಡಿಭಾಗ: ನನ್ನ ಅನುಭವ

ಕರಾವಳಿಯಲ್ಲಿ ಹಳೆಯ ವಾಲ್ವ್ ಆಂಪ್ಲಿಫೈಯರ್ (ಗಾಜಿನ ನಿರ್ವಾತ ಕೊಳವೆಗಳಿಂದ ಧ್ವನಿ ಹಿಗ್ಗಿಸುವ ಯಂತ್ರ) ಕೆಟ್ಟರೆ ನಮ್ಮಲ್ಲಿ ಹೆಚ್ಚಿನವರು ಮೊದಲು ವಾಲ್ವ್ ಬದಲಿಸುತ್ತಾರೆ, ಆಮೇಲೆ ಕೆಪಾಸಿಟರ್ ಬದಲಿಸುತ್ತಾರೆ, ಕೊನೆಗೆ ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೆ ಇಡೀ ಪೆಟ್ಟಿಗೆಯನ್ನು ಗುಜರಿಗೆ ಹಾಕುತ್ತಾರೆ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇನೆ. ಮೊದಲು ಟ್ರಾನ್ಸ್‌ಫಾರ್ಮರ್ ಮತ್ತು ಬಿಡಿಭಾಗಗಳನ್ನು ಬೆಸೆದಿರುವ ಟ್ಯಾಗ್ ಬೋರ್ಡುಗಳಲ್ಲಿರುವ ತೇವವನ್ನು ತೆಗೆಯುವುದು, ಅನಂತರ ಕೆಪಾಸಿಟರ್ ಮತ್ತು ರೆಸಿಸ್ಟರ್, ಎಲ್ಲ ಮುಗಿದ ಮೇಲೆ ಕೊನೆಯದಾಗಿ ವಾಲ್ವ್. ಒಣಗಿಸಿದ ಟ್ರಾನ್ಸ್‌ಫಾರ್ಮರ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ ಎಂದು ಉಡುಪಿಯಲ್ಲಿಯೂ ಮಂಗಳೂರಿನಲ್ಲಿಯೂ ಈ ಕೆಲಸ ಬಲ್ಲ ಹಿರಿಯರು ಹೇಳಿದ್ದರು. ಈಗ ಎರಡು ಮೂರು ಮಳೆಗಾಲಗಳು ಕಳೆದಿವೆ. ನಾನು ಹೀಗೆ ದುರಸ್ತಿ ಮಾಡಿದ ಆಂಪ್ಲಿಫೈಯರ್ ಇಂದಿಗೂ ತನ್ನ ಮೂಲ ಟ್ರಾನ್ಸ್‌ಫಾರ್ಮರುಗಳ ಮೇಲೆಯೇ ಹಾಡುತ್ತಿದೆ. ಆದುದರಿಂದ ಈಗ ಬರೆಯಬಹುದು ಎನ್ನಿಸಿತು.

ಅದು ಒಂದು ಕಾಲದಲ್ಲಿ ಯಕ್ಷಗಾನದ ಟೆಂಟ್ ಮೇಳದೊಂದಿಗೆ ಊರೂರು ತಿರುಗಿದ ಮೈಕ್ ಸೆಟ್ಟಿನ ಆಂಪ್ಲಿಫೈಯರ್. ಶಕ್ತಿ ಕೊಡುವ ಎರಡು ಇಎಲ್34 ವಾಲ್ವುಗಳ ಪುಶ್‌ಪುಲ್ ಜೋಡಿ, ಮುಂದೆ ಸಣ್ಣ ಇಸಿಸಿ83 ವಾಲ್ವುಗಳು, ಎಸಿಯನ್ನು ಡಿಸಿ ಮಾಡುವ ಜಿಝಡ್34 ರೆಕ್ಟಿಫೈಯರ್ ವಾಲ್ವ್, ಹಾರ್ನುಗಳಿಗೆ 100 ವೋಲ್ಟ್ ಲೈನ್, ಸುಮಾರು 40 ವ್ಯಾಟ್. ಇಂತಹ ಯಂತ್ರಗಳು ಕೆಡುವುದು ರಾತ್ರಿಯಿಡೀ ದುಡಿಯುವ ತಿರುಗಾಟದಲ್ಲಿ ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಕಂಡದ್ದು ಬೇರೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಮೇಳ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಆಂಪ್ಲಿಫೈಯರ್ ಯಾವುದೋ ಕೋಣೆಯ ಮೂಲೆಯಲ್ಲಿ ತಣ್ಣಗೆ ಕುಳಿತಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿ ಜಿಲ್ಲೆಯಲ್ಲಿ ಟ್ರಾನ್ಸ್‌ಫಾರ್ಮರಿನೊಳಗಿನ ಕಾಗದ ಆ ಐದು ತಿಂಗಳೂ ನೀರು ಕುಡಿಯುತ್ತದೆ. ನವೆಂಬರಿನಲ್ಲಿ ನೇರವಾಗಿ ಸ್ವಿಚ್ ಹಾಕಿದಾಗ ಒದ್ದೆ ಕಾಗದದ ಮೇಲೆ 400 ವೋಲ್ಟ್ ಎಚ್‌ಟಿ (ವಾಲ್ವುಗಳಿಗೆ ಬೇಕಾದ ಹೈ ಟೆನ್ಶನ್) ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ಸುಡುವುದು ಆ ಹೊತ್ತಿನಲ್ಲಿ.

ಎಲ್ಲ ವಯರುಗಳನ್ನು ಬಿಡಿಸಿ, ಇನ್ಸುಲೇಶನ್ನಿನ ರೋಧ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದಾಗ ಮೈನ್ಸ್ ಟ್ರಾನ್ಸ್‌ಫಾರ್ಮರಿನ ಎಚ್‌ಟಿ ಸುತ್ತಿನಿಂದ ಕೋರಿಗೆ 2 ಮೆಗಾಓಮಿನಷ್ಟು ಮಾತ್ರ ಬಂತು. ವಾಲ್ವಿನಿಂದ ಹಾರ್ನುಗಳಿಗೆ ಧ್ವನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇನ್ನೂ ಕಡಿಮೆ ತೋರಿಸಿತು. ವೈಂಡಿಂಗ್ ಅಂಗಡಿಯವರು, "ಮಾರಾಯ್ರೆ, ಇದರಲ್ಲಿ ಇನ್ನು ಏನೂ ಉಳಿದಿಲ್ಲ, ರಿವೈಂಡ್ ಮಾಡಿಸಿಬಿಡಿ" ಎಂದರು. ಹೊಸ ತಂತಿ ಸುತ್ತಿಸಲು ಮೈನ್ಸಿಗೆ ಮೂರೂವರೆ ಸಾವಿರ, ಔಟ್‌ಪುಟ್ಟಿಗೆ ಐದು ಸಾವಿರ. ಹಣಕ್ಕಿಂತ ನನಗೆ ಚಿಂತೆಯಾದದ್ದು ಔಟ್‌ಪುಟ್ಟಿನ ವಿಷಯ. ಹಿಂದೊಮ್ಮೆ ಬೇರೆ ಸೆಟ್ಟಿನ ಔಟ್‌ಪುಟ್ಟನ್ನು ಒಂದು ಅಂಗಡಿಯಲ್ಲಿ ಸುತ್ತಿಸಿದ್ದೆ. ಅಲ್ಲಿ ಪ್ರೈಮರಿ ಮತ್ತು ಸೆಕೆಂಡರಿಗಳನ್ನು ವಿಭಾಗ ಮಾಡಿ ಒಂದರ ನಡುವೆ ಒಂದನ್ನು ಸುತ್ತದೆ, ಪೂರ್ತಿ ಪ್ರೈಮರಿ ಮುಗಿಸಿ ಅದರ ಮೇಲೆ ಪೂರ್ತಿ ಸೆಕೆಂಡರಿ ಸುತ್ತಿ ಕೊಟ್ಟಿದ್ದರು. ಸುತ್ತುಗಳ ಲೆಕ್ಕ ಸರಿಯಿತ್ತು, ಓಮ್ ಸರಿಯಿತ್ತು, ಆದರೆ ಎರಡು ಸುತ್ತುಗಳ ನಡುವಿನ ಕಾಂತೀಯ ಜೋಡಣೆ ಸಡಿಲವಾಗಿ (ಲೀಕೇಜ್ ಇಂಡಕ್ಟೆನ್ಸ್ ಹೆಚ್ಚಾಗಿ) ಮೇಲಿನ ಸ್ವರಗಳೆಲ್ಲ ಸತ್ತುಹೋಗಿದ್ದವು. ಚೆಂಡೆಯ ಪೆಟ್ಟಿನ ಮೊನೆಯೇ ಕೇಳುತ್ತಿರಲಿಲ್ಲ. ಆ ನಾಲ್ಕೂವರೆ ಸಾವಿರ ವ್ಯರ್ಥವಾಯಿತು. ಆದುದರಿಂದ ಮೂಲ ಸುತ್ತನ್ನು ಉಳಿಸಲೇಬೇಕೆಂದು ನಿಶ್ಚಯಿಸಿದೆ.

ಕಾವು ಕೊಡಲು ಮಾಡಿದ ಪೆಟ್ಟಿಗೆ ಸರಳವಾದದ್ದು. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಅಲ್ಯೂಮಿನಿಯಂ ಹಾಳೆ, ತಳದಲ್ಲಿ 100 ವ್ಯಾಟಿನ ಎರಡು ಫಿಲಮೆಂಟ್ ಬಲ್ಬ್, ಮೇಲೆ ತಂತಿಜಾಲರಿ, ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರಿಗೆ ಹಾಕುವಂತಹ ಡಿಜಿಟಲ್ ಥರ್ಮೋಸ್ಟಾಟ್. ತಳದಲ್ಲಿಯೂ ತಲೆಯಲ್ಲಿಯೂ ಗಾಳಿಕಿಂಡಿ ಬೇಕೇ ಬೇಕು. ಕಿಂಡಿಯಿಲ್ಲದಿದ್ದರೆ ಹೊರಬಂದ ತೇವ ಅಲ್ಲಿಯೇ ತಿರುಗುತ್ತದೆ. ಎಲ್ಲ ಸೇರಿ 1,800 ರೂಪಾಯಿಯ ಆಸುಪಾಸು. ವಾರ್ನಿಶ್ ಹಾಕಿದ ಟ್ರಾನ್ಸ್‌ಫಾರ್ಮರುಗಳಿಗೆ 70 ಡಿಗ್ರಿ ಇಟ್ಟೆ. ಮೇಣದಲ್ಲಿ ಅದ್ದಿದವುಗಳಾದರೆ 50 ದಾಟಬಾರದು. ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ವಿಧಾನ ಪ್ರಯೋಜನವಿಲ್ಲ ಎಂದು ಹೇಳಿದವರೆಲ್ಲರೂ ನಿಲ್ಲಿಸಿದ್ದು ಇದೇ ಹಂತದಲ್ಲಿ. ಕಾವು ಕೊಡಲು ಆರಂಭಿಸಿ ಕೆಲವು ಗಂಟೆಗಳಾದಾಗ ಮೆಗ್ಗರ್ ಹಿಡಿದರೆ ರೀಡಿಂಗ್ ಏರಿರುವುದಿಲ್ಲ, ಬದಲಿಗೆ ಕುಸಿದಿರುತ್ತದೆ. ನನಗೆ 2 ಮೆಗಾಓಮ್ ಇದ್ದದ್ದು 0.2ಕ್ಕೆ ಇಳಿಯಿತು. ಇದನ್ನು ಕಂಡವರು ಟ್ರಾನ್ಸ್‌ಫಾರ್ಮರ್ ಸತ್ತೇ ಹೋಯಿತೆಂದು ಹೊರತೆಗೆಯುತ್ತಾರೆ. ವಾಸ್ತವದಲ್ಲಿ ಇನ್ಸುಲೇಶನ್ನಿನ ರೋಧ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಒಳಪದರದ ನೀರು ಹೊರಕ್ಕೆ ಚಲಿಸಲಾರಂಭಿಸುವಾಗ ದಾರಿಯಲ್ಲಿರುವ ಕಾಗದವನ್ನೆಲ್ಲ ತೋಯಿಸುತ್ತಾ ಬರುತ್ತದೆ. ತಾಳ್ಮೆಯಿಂದ ಬಿಟ್ಟರೆ ಎರಡನೆಯ ದಿನದ ಹೊತ್ತಿಗೆ ರೀಡಿಂಗ್ ತಳ ಮುಟ್ಟಿ ಮೇಲೇಳುತ್ತದೆ, ಅನಂತರ ಏರುತ್ತಲೇ ಹೋಗಿ ಒಂದು ಕಡೆ ನಿಲ್ಲುತ್ತದೆ. ನನ್ನದು ನಾಲ್ಕೈದು ದಿನಗಳಲ್ಲಿ ಬಿಸಿಯಾಗಿರುವಾಗಲೇ 20 ಮೆಗಾಓಮ್ ದಾಟಿತು, ತಣಿದ ಮೇಲೆ 300ಕ್ಕೂ ಮೇಲೆ ಹೋಯಿತು. ಅಳೆಯುವಾಗ ಪ್ರತಿ ಸಲವೂ ಅದೇ ಉಷ್ಣತೆಯಲ್ಲಿ, ಮೆಗ್ಗರ್ ಹಿಡಿದು ಒಂದು ನಿಮಿಷ ಕಾದು ಬರೆದುಕೊಳ್ಳಬೇಕು. ಮೈನ್ಸ್ ಟ್ರಾನ್ಸ್‌ಫಾರ್ಮರನ್ನು ಒಳಗಿಡುವ ಮುನ್ನ ಮತ್ತು ತೆಗೆದ ಮೇಲೆ ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ: ನಾಲ್ಕು ಕಿಲೋದಷ್ಟು ಭಾರದ ವಸ್ತು ಸುಮಾರು 15 ಗ್ರಾಂ ಇಳಿದಿತ್ತು. ಆ 15 ಗ್ರಾಂ ನೀರೇ ರಿವೈಂಡಿಂಗ್ ಬೇಡುತ್ತಿದ್ದ ರೋಗ.

ಒಣಗಿದ್ದನ್ನು ಒಂದು ರಾತ್ರಿಯೂ ತೆರೆದಿಡಬಾರದು. ಬೆಚ್ಚಗಿರುವಾಗಲೇ ಇನ್ಸುಲೇಟಿಂಗ್ ವಾರ್ನಿಶ್ಶಿನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ಎತ್ತಿ, ಥಿನ್ನರ್ ಪೂರ್ತಿ ಹಾರುವವರೆಗೆ ಹೊರಗೆ ತೂಗಿಸಿ, ಆಮೇಲಷ್ಟೇ ಮತ್ತೆ ಪೆಟ್ಟಿಗೆಗೆ ಇಡಬೇಕು. ಥಿನ್ನರಿನ ಆವಿ ಇರುವಾಗ ಬಲ್ಬಿನ ಪೆಟ್ಟಿಗೆಗೆ ಇಡುವುದು ಬೆಂಕಿಗೆ ಆಹ್ವಾನ. ವಾರ್ನಿಶ್ಶಿಗೆ ಥಿನ್ನರ್ ಎಷ್ಟು ಬೆರೆಸುತ್ತೇನೆ, ಯಾವ ಉಷ್ಣತೆಯಲ್ಲಿ ಮುಳುಗಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಒಳಸುತ್ತಿನವರೆಗೆ ವಾರ್ನಿಶ್ ಇಳಿಯುವುದು ಆ ಹದದಿಂದಲೇ.

ಈ ನಡುವೆ ಬೇರೆ ದಾರಿಗಳನ್ನೂ ಪರೀಕ್ಷಿಸಿದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗುಡಾರದಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಟ್ರಾನ್ಸ್‌ಫಾರ್ಮರನ್ನು ಇಟ್ಟೆ. ಹಗಲಿನಲ್ಲಿ 50 ಡಿಗ್ರಿ ದಾಟುತ್ತಿತ್ತು, ಆದರೆ ರಾತ್ರಿ ಕಡಲಗಾಳಿಯ ತೇವ ಮರಳಿ ಒಳಹೋಗುತ್ತಿತ್ತು. ವಾರ ಕಳೆದರೂ 10 ಮೆಗಾಓಮ್ ದಾಟಲಿಲ್ಲ. ಕಾವು ಹಗಲಿರುಳು ನಿಲ್ಲದೆ ಇರಬೇಕೆಂಬುದು ಅಲ್ಲಿ ಖಚಿತವಾಯಿತು. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ವ್ಯಾಕ್ಯೂಮ್ ಪಂಪಾಗಿ ಬಳಸಿ, ದಪ್ಪ ಸ್ಟೀಲ್ ಪಾತ್ರೆಯಲ್ಲಿ ಗಾಳಿ ಎಳೆಯುತ್ತಾ ವಾರ್ನಿಶ್ ಕುಡಿಸುವ ಪ್ರಯೋಗ ಬಹಳ ಚೆನ್ನಾಗಿ ಫಲಿಸಿತು. ಸುತ್ತುಗಳ ಎಡೆಯಿಂದ ಹತ್ತು ನಿಮಿಷದವರೆಗೆ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಆದರೆ ಥಿನ್ನರಿನ ಆವಿಯನ್ನು ಎಳೆದುಕೊಂಡ ಕಂಪ್ರೆಸರ್ ಹೆಚ್ಚು ಕಾಲ ಬಾಳುವುದಿಲ್ಲ, ಮತ್ತು ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು.

ಬಿಡಿಭಾಗಗಳ ವಿಷಯದಲ್ಲಿ ಸರ್ಕ್ಯೂಟಿನವರಿಗೆ ನಾನು ಹೇಳಬೇಕಾದದ್ದು ಹೆಚ್ಚಿಲ್ಲ, ಡಿಸಿಯನ್ನು ತಡೆದು ಧ್ವನಿಯನ್ನು ಮಾತ್ರ ಮುಂದಿನ ವಾಲ್ವಿಗೆ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಒಂದನ್ನು ಬಿಟ್ಟು. ಹಳೆಯ ಮೇಣಕಾಗದದ ಕೆಪಾಸಿಟರ್ ಮಲ್ಟಿಮೀಟರಿನಲ್ಲಿ ಚೆನ್ನಾಗಿಯೇ ತೋರುತ್ತದೆ, ಏಕೆಂದರೆ ಅದು ಸೋರುವುದು ವೋಲ್ಟೇಜ್ ಬಿದ್ದಾಗ. ಲೆಕ್ಕ ಹಾಕಿ ನೋಡಿ: ಸೋರಿಕೆ 20 ಮೆಗಾಓಮಿನಷ್ಟೇ ಇದ್ದರೂ, ಆಚೆ ಬದಿಯಲ್ಲಿ 200 ವೋಲ್ಟ್, ಈಚೆ 470 ಕಿಲೋಓಮಿನ ಗ್ರಿಡ್ ರೆಸಿಸ್ಟರ್ ಇದ್ದರೆ, ಗ್ರಿಡ್ಡಿಗೆ ನಾಲ್ಕೂವರೆ ವೋಲ್ಟ್ ಪಾಸಿಟಿವ್ ಬರುತ್ತದೆ. ವಾಲ್ವಿನ ಕರೆಂಟನ್ನು ಹಿಡಿದಿಡಲು ನೀವು ಗ್ರಿಡ್ಡಿಗೆ ಕೊಟ್ಟ ನೆಗೆಟಿವ್ ಬಯಾಸಿನಿಂದ ಅಷ್ಟು ಕಳೆದುಹೋಗುತ್ತದೆ. 35 ಮಿಲಿಆಂಪಿಯರ್ ಎಳೆಯಬೇಕಾದ ಇಎಲ್34 ಅದರಿಂದ 60ರ ಹತ್ತಿರ ಎಳೆಯತೊಡಗಿತು. 410 ವೋಲ್ಟಿನಲ್ಲಿ ಅದು ಪ್ಲೇಟಿನ (ಆನೋಡಿನ) 25 ವ್ಯಾಟ್ ಮಿತಿಯ ಅಂಚು. ಹಿಂದಿನ ಮಾಲಕರು ಎರಡು ಜೊತೆ ವಾಲ್ವ್ ಸುಟ್ಟದ್ದು ಐವತ್ತು ರೂಪಾಯಿಯ ಒಂದು ಕೆಪಾಸಿಟರಿನಿಂದ. ಹಳೆಯ ದಾಸ್ತಾನಿನ, ಒಮ್ಮೆಯೂ ಬಳಸದ ಕಾಗದದ ಕೆಪಾಸಿಟರುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು ಪರೀಕ್ಷಿಸಿದೆ. ಕೂತಲ್ಲಿಯೇ ಕೆಟ್ಟಿದ್ದವು, ಒಂದೂ ಉಳಿಯಲಿಲ್ಲ. 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿ ಮುಗಿಸಿ.

ಎಚ್‌ಟಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ 32+32 ಮೈಕ್ರೋಫ್ಯಾರಡಿನ ಅಲ್ಯೂಮಿನಿಯಂ ಡಬ್ಬಿ. ಸೀರೀಸ್ ರೆಸಿಸ್ಟರ್ ಇಟ್ಟು ನಿಧಾನವಾಗಿ ವೋಲ್ಟೇಜ್ ಏರಿಸಿ ಅದನ್ನು ರಿಫಾರ್ಮ್ ಮಾಡಲು, ಅಂದರೆ ಒಳಗಿನ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳಲು, ಎರಡು ದಿನ ಕೊಟ್ಟೆ, 300 ವೋಲ್ಟಿನ ಮೇಲೆ ಸೋರಿಕೆ ಇಳಿಯಲೇ ಇಲ್ಲ. ಕೊನೆಗೆ ಡಬ್ಬಿಯ ಬುಡವನ್ನು ಕೊಯ್ದು, ಒಳಗಿನ ತಿರುಳನ್ನು ತೆಗೆದು, 105 ಡಿಗ್ರಿಯ 33 ಮೈಕ್ರೋಫ್ಯಾರಡ್, 500 ವೋಲ್ಟಿನ ಎರಡನ್ನು ಒಳಗೆ ಕೂರಿಸಿ ಹಳೆಯ ಜಾಗದಲ್ಲಿಯೇ ನಿಲ್ಲಿಸಿದೆ. ಇಲ್ಲಿ ಆಸೆಪಟ್ಟು 100, 220 ಹಾಕುವವರಿದ್ದಾರೆ. ಜಿಝಡ್34ರ ಮೊದಲ ಕೆಪಾಸಿಟರಿಗೆ 60 ಮೈಕ್ರೋಫ್ಯಾರಡ್ ಮಿತಿಯಿದೆ, ಇನ್ನೊಂದು ರೆಕ್ಟಿಫೈಯರ್ ವಾಲ್ವಾದ ಇಝಡ್81ಕ್ಕೆ 50. ಮಿತಿ ಮೀರಿದರೆ ರೆಕ್ಟಿಫೈಯರಿನ ಕ್ಯಾಥೋಡಿನ ಲೇಪ ಕಿತ್ತುಬರುತ್ತದೆ.

ನನ್ನ ಕೈಗೆ ಬಂದಾಗ ಆ ಜಿಝಡ್34ರ ಜಾಗದಲ್ಲಿ ಯಾರೋ ಎರಡು ಬಿವೈ127 ಡಯೋಡ್ ಬೆಸೆದಿದ್ದರು. ಅಗ್ಗದ ಉಪಾಯ ಹೌದು. ಆದರೆ 350-0-350 ವೋಲ್ಟಿನ ಸುತ್ತಿನಿಂದ ಡಯೋಡ್ ಕೊಡುವುದು, ವಾಲ್ವುಗಳು ಬಿಸಿಯಾಗುವ ಮುನ್ನ, 495 ವೋಲ್ಟ್. ಅಲ್ಲಿದ್ದ ಕೆಪಾಸಿಟರ್ 450ರದ್ದು. ಜಿಝಡ್34 ತಾನೇ ನಿಧಾನವಾಗಿ ಬಿಸಿಯಾಗುವುದರಿಂದ ಎಚ್‌ಟಿ ಮೆಲ್ಲನೆ ಏರುತ್ತದೆ. ಆದುದರಿಂದ 2,500 ರೂಪಾಯಿ ಕೊಟ್ಟು ಹೊಸದನ್ನೇ ಹಾಕಿದೆ.

ಇಎಲ್34ರ ಬೇಕಲೈಟ್ ಸಾಕೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದಾಗ 3ನೆಯ ಪಿನ್ನಿನ ಆನೋಡಿನಿಂದ ಪಕ್ಕದ 2ನೆಯ ಪಿನ್ನಿನ ಹೀಟರಿಗೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ ಕಾಣುತ್ತಿತ್ತು. ಉಪ್ಪುಗಾಳಿ ಕೂತ ಮೇಲ್ಮೈಯಲ್ಲಿ ಕಿಡಿ ಹರಿದು ಇಂಗಾಲವಾದ ದಾರಿ ಅದು. ಎಷ್ಟು ತೊಳೆದರೂ, ಕೆರೆದರೂ ಹೋಗುವುದಿಲ್ಲ. ಎರಡೂ ಸಾಕೆಟ್ಟುಗಳನ್ನು ಸಿರಾಮಿಕ್ಕಿಗೆ ಬದಲಿಸಿದೆ. ಕಾರ್ಬನ್ ರೆಸಿಸ್ಟರುಗಳಲ್ಲಿ 100 ಕಿಲೋಓಮಿನವು 130, 140ಕ್ಕೆ ಏರಿದ್ದವು. ಮೆಟಲ್ ಫಿಲ್ಮ್ ಹಾಕುವಾಗ ಕಾಲು ವ್ಯಾಟಿನದು ವೋಲ್ಟೇಜ್ ತಾಳುವುದಿಲ್ಲ, ಒಂದು ವ್ಯಾಟಿನದೇ ಬೇಕು.

ವಾಲ್ವುಗಳಲ್ಲಿ ಇಸಿಸಿ83 ಹಳೆಯವೇ ಉಳಿದವು. ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ತಯಾರಿಸುತ್ತಿದ್ದ ಅವು ಇಂದಿಗೂ ಸದ್ದಿಲ್ಲದೆ ದುಡಿಯುತ್ತಿವೆ. ಇಎಲ್34ಕ್ಕೆ ಮೊದಲು ಹಳೆಯ ದಾಸ್ತಾನು ಎಂದು ಮಾರುತ್ತಿದ್ದವರಿಂದ ಒಂದು ಜೊತೆ ತರಿಸಿದ್ದೆ. ಪೆಟ್ಟಿಗೆ ಹಳೆಯದು, ಗಾಜಿನ ಮೇಲಿನ ಅಕ್ಷರ ಹೊಸತು, ಬೆರಳಿನಲ್ಲಿ ಉಜ್ಜಿದರೆ ಅಳಿಯುತ್ತಿತ್ತು. ಒಂದು 40 ಮಿಲಿಆಂಪಿಯರ್ ಎಳೆದರೆ ಇನ್ನೊಂದು 18. ಆರು ಸಾವಿರ ರೂಪಾಯಿ ಮರಳಿ ಬರಲಿಲ್ಲ. ಅನಂತರ ಸ್ಲೊವಾಕಿಯಾದ ಜೆಜೆಯ ಹೊಸ ಜೊತೆಯನ್ನು ಏಳೂವರೆ ಸಾವಿರಕ್ಕೆ ತರಿಸಿದೆ. ಪ್ರತಿ ಕ್ಯಾಥೋಡಿಗೂ 10 ಓಮಿನ ರೆಸಿಸ್ಟರ್ ಹಾಕಿದ್ದರಿಂದ ಬಯಾಸ್ ನೋಡುವುದು ಸುಲಭವಾಯಿತು, 0.38 ವೋಲ್ಟಿಗೆ ನಿಲ್ಲಿಸಿದ್ದೇನೆ. ಅದಕ್ಕಿಂತ ಮೇಲೆ ಏರಿಸದೆ ಬಿಟ್ಟರೆ ವಾಲ್ವ್ ಬಾಳಿಕೆ ಬರುತ್ತದೆ.

ಹಳೆಯ 220 ವೋಲ್ಟಿನ ಟ್ಯಾಪಿಗೆ ನಮ್ಮ ಕಡೆ ನಡುರಾತ್ರಿ 250 ವೋಲ್ಟ್ ಬರುತ್ತದೆ. ಆಗ 6.3 ವೋಲ್ಟ್ ಇರಬೇಕಾದ ವಾಲ್ವುಗಳ ಹೀಟರ್ 7.1ಕ್ಕೆ ಏರುತ್ತದೆ. ಇದಕ್ಕೆ 12-0-12ರ 3 ಆಂಪಿಯರ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ಮೈನ್ಸಿಗೆ ಸೀರೀಸಿನಲ್ಲಿ ವಿರುದ್ಧ ದಿಕ್ಕಿಗೆ ಜೋಡಿಸಿ 24 ವೋಲ್ಟ್ ಕಳೆದೆ. 450 ರೂಪಾಯಿಯ ಖರ್ಚು, ಸ್ಟೆಬಿಲೈಸರ್ ಬೇಕಾಗಲಿಲ್ಲ. ಜೊತೆಗೆ ಮೂರು ಪಿನ್ನಿನ ವಯರ್ ಹಾಕಿ ಚಾಸಿಸ್ಸಿಗೆ ಸರಿಯಾದ ಅರ್ತ್ ಕೊಟ್ಟೆ. ಮೈನ್ಸಿನಿಂದ ಚಾಸಿಸ್ಸಿಗಿದ್ದ ಹಳೆಯ ಕೆಪಾಸಿಟರನ್ನು ಕಿತ್ತೆಸೆದೆ. ಮೈಕ್ ಹಿಡಿದ ಭಾಗವತರಿಗೆ ಶಾಕ್ ಹೊಡೆಯುತ್ತಿದ್ದುದು ಅದರಿಂದಲೇ.

ನನ್ನಿಂದ ಪೋಲಾದ ವಾಲ್ವನ್ನು ಬಿಟ್ಟರೆ ಸಾಮಾನಿಗೆ ಹನ್ನೆರಡು ಸಾವಿರದಷ್ಟಾಯಿತು, ಮಾಲಕರು ಹದಿನೆಂಟು ಸಾವಿರ ಕೊಟ್ಟರು. ದೋಷವಿದ್ದರೆ ಕರೆಂಟ್ ತಡೆಯುವ ಸೀರೀಸ್ ಬಲ್ಬಿನಲ್ಲಿ ಒಂದು ಸಂಜೆ, ನೇರ ಮೈನ್ಸಿನಲ್ಲಿ ಒಂದು ಹಗಲು ಓಡಿಸಿ, ಅನಂತರ ಒಂದು ತಾಳಮದ್ದಳೆಗೆ ಇಟ್ಟೆವು. ಮೆಲುದನಿಯ ಮಾತು ಕೊನೆಯ ಸಾಲಿನವರೆಗೆ ಹೋಯಿತು, ಚೆಂಡೆ ಏರಿದಾಗ ಸ್ವರ ಒಡೆಯಲಿಲ್ಲ. ರಿವೈಂಡ್ ಮಾಡಿಸಲು ಹೇಳಿದ್ದ ಅಂಗಡಿಯವರೂ ಬಂದಿದ್ದರು. ಈಚೆಗೆ ಅವರೇ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಒಣಗಿಸಲು ನನ್ನಲ್ಲಿಗೆ ಕಳುಹಿಸಿದ್ದಾರೆ.

ಮಳೆಗಾಲದ ವ್ಯವಸ್ಥೆ ಇಷ್ಟೆ: ಕ್ಯಾಬಿನೆಟ್ಟಿನ ಒಳಗೆ 15 ವ್ಯಾಟಿನ ಝೀರೋ ಬಲ್ಬ್ ಜೂನ್‌ನಿಂದ ಅಕ್ಟೋಬರ್‌ವರೆಗೆ ಉರಿಯುತ್ತಿರಬೇಕು, ತಿಂಗಳಿಗೆ 11 ಯೂನಿಟ್ ವಿದ್ಯುತ್ತು. ಪ್ರತಿ ನವೆಂಬರಿನಲ್ಲಿ ಸ್ವಿಚ್ ಹಾಕುವ ಮುನ್ನ ಮೆಗ್ಗರ್ ಹಿಡಿಯುತ್ತೇವೆ. ಕಳೆದ ಸಲ ಎಚ್‌ಟಿ ಸುತ್ತಿಗೆ 250 ಮೆಗಾಓಮಿನ ಮೇಲೆಯೇ ಇತ್ತು. ಡಾಂಬರು ತುಂಬಿ ಮುಚ್ಚಿದ ಟ್ರಾನ್ಸ್‌ಫಾರ್ಮರುಗಳಿಗೆ ಮಾತ್ರ ಈ ವಿಧಾನವನ್ನು ಬಳಸಬೇಡಿ. 70 ಡಿಗ್ರಿಯಲ್ಲಿ ಡಾಂಬರು ಮೆತ್ತಗಾಗಿ ಕೆಳಗಿಳಿಯುತ್ತದೆ, ಒಳಗಿನ ತೇವ ಅಲ್ಲಿಯೇ ಉಳಿಯುತ್ತದೆ. ಅಂತಹ ಒಂದು ಈಗ ನನ್ನ ಮೇಜಿನ ಮೇಲಿದೆ, ಅದಕ್ಕೆ ಬೇರೆ ದಾರಿ ಹುಡುಕುತ್ತಿದ್ದೇನೆ.