ಹೂವಿನ ಪಾಕ: ಒಲೆ ಆರಿಸಿದ ಮೇಲೆ ಎಸಳು ಹಾಕಿ

ಹೂವಿನ ಶರಬತ್ತು ಮಾಡಿದೆ, ಬಣ್ಣವೇನೋ ಬಂತು, ಪರಿಮಳವೇ ಇಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ತುಂಬಾ ಜನ. ಅವರನ್ನು ನಾನು ಕೇಳುವುದು ಒಂದೇ ಮಾತು. ಹೂವನ್ನು ಕುದಿಸಿದಿರಾ? ಹೌದು ಅಂತಾರೆ. ಪರಿಮಳ ಹೋಗಿದ್ದು ಅಲ್ಲೇ. ಹೂವು ಕುದಿಯುವಾಗ ಮನೆಯೆಲ್ಲಾ ಘಮ್ಮೆನ್ನುತ್ತದೆ ನಿಜ, ಆದರೆ ಗಾಳಿಗೆ ಹೋದ ವಾಸನೆ ಬಾಟಲಿಗೆ ಬರುವುದಿಲ್ಲ ಅಲ್ವಾ? ಮೊದಮೊದಲು ನಾನೂ ಹಾಗೇ ಮಾಡುತ್ತಿದ್ದೆ. ಒಂದು ಬುಟ್ಟಿ ಮಲ್ಲಿಗೆಯನ್ನು ಸಕ್ಕರೆ ನೀರಲ್ಲಿ ಅರ್ಧ ಗಂಟೆ ಕುದಿಸಿ, ಕೊನೆಗೆ ಸಿಕ್ಕಿದ್ದು ಕಂದು ಬಣ್ಣದ ಕಹಿ ನೀರು. ಅಷ್ಟು ಹೂವು ಹಾಳಾಯಿತಲ್ಲ ಅನ್ನುವ ಸಂಕಟ ಇನ್ನೂ ಇದೆ.

ಗುಲಾಬಿಯಿಂದಲೇ ಶುರು ಮಾಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಕಿತ್ತ ಹೂವು ಒಳ್ಳೆಯದು. ಎಸಳಿನ ಬುಡದಲ್ಲಿ ಬಿಳಿ ಭಾಗ ಇರುತ್ತದೆ ನೋಡಿ, ಅದು ಕಹಿ. ಕತ್ತರಿಯಲ್ಲಿ ತೆಗೆದುಬಿಡಿ. ತಣ್ಣೀರಲ್ಲಿ ಒಮ್ಮೆ ಅದ್ದಿ, ಬಟ್ಟೆಯ ಮೇಲೆ ಹರಡಿ ಒಣಗಿಸಿ. ಒಂದು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು. ಸಕ್ಕರೆ ಕರಗಿ ಒಂದು ಕುದಿ ಬಂದರೆ ಸಾಕು, ಎಳೆ ಪಾಕಕ್ಕೆ ಬಿಡಬೇಡಿ. ಒಲೆ ಆರಿಸಿ ಐದು ನಿಮಿಷ ಬಿಟ್ಟು, ಎರಡು ಬಟ್ಟಲು ಎಸಳು ಹಾಕಿ, ಚಮಚದಲ್ಲಿ ಅದುಮಿ, ತಕ್ಷಣ ಮುಚ್ಚಿ. ಮುಚ್ಚಳ ಮರೆಯಬೇಡಿ. ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಅರ್ಧ ನಿಂಬೆಹಣ್ಣು ಹಿಂಡಿ. ಮಂಕಾಗಿದ್ದ ಬಣ್ಣ ಆಗ ಹೇಗೆ ಅರಳುತ್ತದೆ ಅಂತ ನೀವೇ ನೋಡಿ. ಪಾತ್ರೆ ಸ್ಟೀಲ್ ಅಥವಾ ಗಾಜಿನದೇ ಆಗಿರಲಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಹೂವಿನ ಬಣ್ಣ ಕೆಡುತ್ತದೆ.

ಮಲ್ಲಿಗೆಗೆ ಬಿಸಿಯೇ ಬೇಡ. ಅದು ಅರಳುವುದು ರಾತ್ರಿ, ಪರಿಮಳ ಬಿಡುವುದೂ ಆಗಲೇ. ಸಂಜೆ ಇಪ್ಪತ್ತೈದು ಮೂವತ್ತು ಮೊಗ್ಗುಗಳನ್ನು ಒಂದು ಬಟ್ಟಲು ಕುದಿಸಿ ಆರಿಸಿದ ನೀರಿನ ಮೇಲೆ ತೇಲಿಬಿಟ್ಟು ಮುಚ್ಚಿಡಿ. ಬೆಳಗಾದ ಕೂಡಲೇ ತೆಗೆದುಬಿಡಿ, ಬಾಡಿದ ಹೂವು ನೀರಲ್ಲೇ ಉಳಿದರೆ ಕಹಿ ಬಿಡುತ್ತದೆ. ಆ ನೀರಿಗೆ ಸಕ್ಕರೆ ಹಾಕಿ ಸುಮ್ನೆ ಕಲಕುತ್ತಾ ಇದ್ದರೆ ಬಿಸಿ ಮಾಡದೆಯೇ ಕರಗುತ್ತದೆ. ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಇನ್ನು ಕೆಲವು ಹೂವುಗಳಲ್ಲಿ ಪರಿಮಳವೇ ಇಲ್ಲ, ನಮಗೆ ಬೇಕಿರುವುದು ಬಣ್ಣ. ಅವಕ್ಕೆ ಬಿಸಿನೀರಿನ ಭಯವಿಲ್ಲ. ಶಂಖಪುಷ್ಪದ ಹಸಿರು ತೊಟ್ಟು ತೆಗೆದು, ಎಂಟು ಹತ್ತು ಹೂವನ್ನು ಒಂದು ಲೋಟ ಬಿಸಿನೀರಿಗೆ ಹಾಕಿದರೆ ಐದು ನಿಮಿಷದಲ್ಲಿ ಕಡು ನೀಲಿ. ನಿಂಬೆರಸ ಬಿದ್ದರೆ ನೇರಳೆ. ಹೂವಿನಲ್ಲಿರುವ ಆಂಥೋಸಯನಿನ್ ಅನ್ನುವ ಬಣ್ಣ ಹುಳಿ ತಾಗಿದಾಗ ಹೀಗೆ ಬದಲಾಗುತ್ತದೆ. ನನ್ನ ಮೊಮ್ಮಗಳಿಗೆ ಇದನ್ನು ಎಷ್ಟು ಸಲ ತೋರಿಸಿದರೂ ಸಾಲದು. ದಾಸವಾಳದ ಜಾತಿಗೇ ಸೇರಿದ ರೋಸೆಲ್ ಇದೆಯಲ್ಲ, ಅದರಲ್ಲಿ ನಾವು ಬಳಸುವುದು ಎಸಳನ್ನಲ್ಲ, ಹೂವು ಉದುರಿದ ಮೇಲೆ ಉಳಿಯುವ ಕೆಂಪು ದಪ್ಪ ಪುಷ್ಪಪಾತ್ರೆಯನ್ನು. ಅದನ್ನು ಹತ್ತು ನಿಮಿಷ ಕುದಿಸಬಹುದು. ತುಂಬಾ ಹುಳಿ, ಹಾಗಾಗಿ ಸಕ್ಕರೆ ಜಾಸ್ತಿ ಬೇಕು. ಬಿಸಿ ಹಾಲಿಗೆ ಮಾತ್ರ ಹಾಕಬೇಡಿ, ಒಡೆದುಹೋಗುತ್ತದೆ. ಒಣ ಲ್ಯಾವೆಂಡರ್ ಮಾತ್ರ ಪರಿಮಳದ ಹೂವು. ಒಲೆ ಆರಿಸಿದ ಮೇಲೆ ಒಂದು ಬಟ್ಟಲು ಪಾಕಕ್ಕೆ ಒಂದು ಟೀ ಚಮಚ ಹಾಕಿ, ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಜಾಸ್ತಿಯಾದರೆ ಸೋಪು ಕುಡಿದ ಹಾಗಿರುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ನನ್ನ ಸೊಸೆ ಒಮ್ಮೆ ಹೂಗುಚ್ಛದಿಂದ ಹೂವು ಬಿಡಿಸಿ ಕೇಕಿನ ಮೇಲೆ ಚೆಂದವಾಗಿ ಜೋಡಿಸಿದ್ದಳು. ಮನಸ್ಸಿಗೆ ಕಷ್ಟವಾದರೂ ನಾನು ತೆಗೆಸಿದೆ, ಹೂವು ತಾಗಿದ ಕಡೆ ಕೇಕನ್ನೂ ಕೆತ್ತಿ ತೆಗೆಸಿದೆ. ಅಲಂಕಾರಕ್ಕೆ ಬೆಳೆಸಿದ ಹೂವಿಗೆ ಹೊಡೆಯುವ ಔಷಧಿ ತಿನ್ನುವವರನ್ನು ನೆನೆದು ಹೊಡೆಯುವುದಲ್ಲ. ತೊಳೆದರೂ ಪೂರ್ತಿ ಹೋಗುವುದಿಲ್ಲ. ರಸ್ತೆ ಬದಿಯ ಹೂವೂ ಬೇಡ. ತಿನ್ನಲೆಂದೇ ಬೆಳೆದ, ಔಷಧಿ ಹೊಡೆಯದ ಹೂವು ಮಾತ್ರ ಅಡುಗೆಮನೆಗೆ ಬರಲಿ. ಕಣಗಿಲೆ, ದತ್ತೂರಿ, ಫಾಕ್ಸ್‌ಗ್ಲೋವ್ ವಿಷ. ಲಿಲಿ ಆಫ್ ದಿ ವ್ಯಾಲಿ ಇಟ್ಟ ಹೂದಾನಿಯ ನೀರು ಕೂಡ ವಿಷವಾಗುತ್ತದೆ, ಹಾಗಾಗಿ ಇವನ್ನು ತಟ್ಟೆಯ ಅಂಚಿಗೂ ಇಡಬಾರದು. ಸ್ವೀಟ್ ಪೀ ಅನ್ನುವ ಹೂವಿನ ಹೆಸರು ಕೇಳಿ ಬಟಾಣಿ ಅಂದುಕೊಳ್ಳಬೇಡಿ, ಅದನ್ನೂ ತಿನ್ನುವಂತಿಲ್ಲ. ಯಾವ ಹೂವು ಅಂತ ಖಾತ್ರಿ ಇಲ್ಲದಿದ್ದರೆ ಬಿಟ್ಟುಬಿಡಿ. ತಿನ್ನುವ ಹೂವೇ ಆದರೂ ಕೇಸರ ತೆಗೆಯಿರಿ. ಪರಾಗದ ಅಲರ್ಜಿ, ಉಬ್ಬಸ ಇರುವವರು ಹೂವಿನಿಂದ ದೂರ ಇರುವುದೇ ಒಳ್ಳೆಯದು.

ಅಡುಗೆಗೆ ನನಗಿಷ್ಟ ಕುಂಬಳದ ಹೂವು. ಗಂಡು ಹೂವನ್ನೇ ಕೀಳಿ, ಅದರ ತೊಟ್ಟು ತೆಳ್ಳಗೆ ಉದ್ದ ಇರುತ್ತದೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಕಾಣುತ್ತದೆ, ಅದನ್ನು ಬಳ್ಳಿಗೇ ಬಿಡಿ. ಗಂಡು ಹೂವನ್ನೂ ಎಲ್ಲಾ ಕಿತ್ತರೆ ಕಾಯಿ ಕಟ್ಟುವುದಿಲ್ಲ, ನಾಲ್ಕಾರು ಉಳಿಸಿ. ಒಳಗೆ ಇರುವೆ, ಜೇನುಹುಳ ಇದೆಯಾ ನೋಡಿಕೊಂಡು, ಹಿಟ್ಟಿನಲ್ಲಿ ಅದ್ದಿ ಕರಿಯಿರಿ. ನಸ್ಟರ್ಷಿಯಂ ಮೂಲಂಗಿಯ ಹಾಗೆ ಖಾರ, ಸಲಾಡಿಗೆ ಚೆನ್ನ. ಬಡಿಸುವ ಹೊತ್ತಿಗೆ ಮೇಲೆ ಉದುರಿಸಿ, ಮುಂಚೆಯೇ ಹಾಕಿದರೆ ಉಪ್ಪು ಹುಳಿಗೆ ಬಾಡಿಹೋಗುತ್ತದೆ.

ಪಾಕವನ್ನು ಕುದಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಎರಡು ವಾರದೊಳಗೆ ಮುಗಿಸಿ. ಮಲ್ಲಿಗೆಯದು ಕುದಿಸದ ಪಾಕ, ಅದನ್ನು ನಾಲ್ಕೈದು ದಿನದಲ್ಲೇ ಖಾಲಿ ಮಾಡಿ. ಗುಳ್ಳೆ ಎದ್ದರೆ, ಹುಳಿ ವಾಸನೆ ಬಂದರೆ ಚೆಲ್ಲಿ. 250 ಮಿಲಿಲೀಟರ್ ಲೋಟಕ್ಕೆ ಮೊದಲು ಒಂದು ದೊಡ್ಡ ಚಮಚ ಹಾಕಿ ರುಚಿ ನೋಡಿ, ಸಾಲದಿದ್ದರೆ ಇನ್ನೊಂದು. ಸೋಸಿದ ಗುಲಾಬಿ ಎಸಳನ್ನು ಎಸೆಯಬೇಡಿ. ಅದರಲ್ಲಿ ಸಿಹಿ ತುಂಬಿರುತ್ತದೆ. ಸಣ್ಣಗೆ ಹೆಚ್ಚಿ, ಮೊಸರಿಗೋ ಐಸ್‌ಕ್ರೀಮಿಗೋ ಬೆರೆಸಿ ಅದೇ ದಿನ ತಿನ್ನಿ.