ಈಮ್ ಹಳ್ಳಿಯ ಹಳೇ ಪುಸ್ತಕದಲ್ಲಿ ಒಂದು ಮನೆ ಹುಡುಕಿದ್ದು

ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಡರ್ಬಿಶೈರ್‌ನ ಗುಡ್ಡಗಳ ನಡುವೆ ಈಮ್ ಅನ್ನೋ ಹಳ್ಳಿ ಇದೆ. ನಾವು ಶೆಫೀಲ್ಡ್‌ಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಸುಮ್ನೆ ತಿರುಗಾಡಲು ಅಲ್ಲಿಗೆ ಹೋಗಿದ್ದೆವು. ಊರ ಹೊರಗೆ, ಹೊಲದ ಮಧ್ಯೆ ಒಂದು ದುಂಡನೆಯ ಕಲ್ಲಿನ ಗೋಡೆ. ಒಳಗೆ ಹ್ಯಾನ್‌ಕಾಕ್ ಮನೆಯವರ ಸಮಾಧಿಗಳು. 1666ರ ಆಗಸ್ಟ್ 3ರಿಂದ 10ರವರೆಗೆ, ಎಂಟೇ ದಿನದಲ್ಲಿ, ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಗಂಡನನ್ನೂ ಆರು ಮಕ್ಕಳನ್ನೂ ತಾನೊಬ್ಬಳೇ ಮಣ್ಣು ಮಾಡಿದ್ದಳು. ಪ್ಲೇಗು. ಒಂದು ಕಲ್ಲಿನ ಮೇಲೆ ‘ಒನರ್’ ಅಂತ ಹೆಸರು. ‘ಆನರ್’ ಅನ್ನೋದನ್ನು ಕಿವಿಗೆ ಬಿದ್ದಂತೆ ಕೆತ್ತಿದ್ದಾರೆ. ನಮ್ಮಜ್ಜಿಯ ಹೆಸರು ಪಹಣಿಯಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ ಇತ್ತು. ಆ ಕಲ್ಲಿನ ಮುಂದೆ ನಿಂತಾಗ ಅದೇ ನೆನಪಾಯಿತು.

ಈ ಮನೆಯನ್ನು ಪ್ಯಾರಿಷ್ ರಿಜಿಸ್ಟರ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ದಾಖಲೆ ಪುಸ್ತಕದಲ್ಲಿ, ಹುಡುಕಬೇಕು ಅಂತ ಅಂದೇ ತೀರ್ಮಾನಿಸಿದೆ.

1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆದೇಶದಂತೆ ಇಂಗ್ಲೆಂಡಿನ ಪ್ರತಿ ಪ್ಯಾರಿಷ್ ಕೂಡ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು, ಈ ಮೂರನ್ನೂ ಬರೆದಿಡಬೇಕಿತ್ತು. ಸರ್ಕಾರದ ಜನನ ಮರಣ ನೋಂದಣಿ ಶುರುವಾಗಿದ್ದು 1837ರಲ್ಲಿ. ಅದಕ್ಕೂ ಹಿಂದಿನ ಬಡವರ ಹೆಸರು ಬೇಕೆಂದರೆ ಹೆಚ್ಚಾಗಿ ಈ ಪುಸ್ತಕಗಳೇ ಗತಿ. ನಾನು ಮ್ಯಾಟ್‌ಲಾಕ್‌ನಲ್ಲಿರುವ ಜಿಲ್ಲಾ ದಾಖಲೆ ಕಚೇರಿಗೆ ರಜೆ ಹಾಕಿ ಹೋಗುತ್ತಿದ್ದೆ.

ಮೊದಲ ದಿನ ಒಂದು ಸಾಲೂ ಓದಲು ಬರಲಿಲ್ಲ. 17ನೇ ಶತಮಾನದ ಕೈಬರಹದಲ್ಲಿ ‘ಎಸ್’ ನೋಡಿದರೆ ‘ಎಫ್’ ಅನ್ನಿಸುತ್ತೆ, ‘ಇ’ ತಿರುಗಿಸಿ ಬರೆದಂತೆ ಕಾಣುತ್ತೆ. ಕೊನೆಗೆ ಒಂದು ದಾರಿ ಹೊಳೆಯಿತು. ಹೇಗೂ ಗೊತ್ತಿರುವ ಜಾನ್, ಆನ್, ವಿಲಿಯಂ ಇಂಥ ಹೆಸರುಗಳನ್ನೇ ಮೊದಲು ಹುಡುಕಿದೆ. ಅವುಗಳಿಂದ ಒಂದೊಂದೇ ಅಕ್ಷರ ಬಿಡಿಸಿ, ಚೀಟಿಯಲ್ಲಿ ನನ್ನದೇ ವರ್ಣಮಾಲೆ ಮಾಡಿಕೊಂಡೆ. ಮೂರನೇ ಭೇಟಿಯ ಹೊತ್ತಿಗೆ ಕಣ್ಣು ಪಳಗಿತು.

ದೊಡ್ಡ ತಪ್ಪು ಆದದ್ದು ಇಸವಿಯಲ್ಲಿ. ಈ ಊರಿನ ಪ್ಲೇಗು ಶುರುವಾಗಿದ್ದು ಲಂಡನ್ನಿನಿಂದ ಬಂದ ಬಟ್ಟೆಯಿಂದ ಅಂತಾರೆ. ದರ್ಜಿಯ ಮನೆಯಲ್ಲಿದ್ದ ಜಾರ್ಜ್ ವಿಕರ್ಸ್‌ನನ್ನು ಮಣ್ಣು ಮಾಡಿದ್ದು 1665ರ ಸೆಪ್ಟೆಂಬರ್ 7ರಂದು. ಅವನೇ ಮೊದಲನೆಯವನು. ಹಾಗಿದ್ದರೆ ಅದೇ 1665ರ ಫೆಬ್ರವರಿ ಅಂತ ಬರೆದ ಸಾವುಗಳು ಅವನ ನಂತರದ ಸಾಲಿನಲ್ಲಿ ಯಾಕಿವೆ? ಪುಟ ಹಿಂದುಮುಂದಾಗಿದೆ ಅಂದುಕೊಂಡು ಸಾವುಗಳನ್ನು ಬರೆದುಕೊಂಡ ಒಂದಿಡೀ ಕಂತೆ ಚೀಟಿಗಳನ್ನು ತಪ್ಪಾಗಿ ಜೋಡಿಸಿದೆ. ನಿಜ ಏನಂದರೆ ಆಗ ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚೂಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಜನವರಿ 1ಕ್ಕೆ ಬದಲಾಗಿದ್ದು 1752ರಲ್ಲಿ. ಹಾಗಾಗಿ ಅವರ 1665ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1666. ಯುಗಾದಿ ಮಾಡುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ಈಗ ನಾನು 1665/66 ಅಂತ ಎರಡನ್ನೂ ಬರೆಯುತ್ತೇನೆ. ನೀವೂ ಹಾಗೇ ಮಾಡಿ.

ಆಮೇಲೆ ಪ್ರತಿ ಮನೆಗೊಂದು ಚೀಟಿ. ಮೇಲೆ ಗಂಡ ಹೆಂಡತಿ, ಮದುವೆ ದಿನ. ಕೆಳಗೆ ಮಕ್ಕಳು, ಒಂದು ಕಡೆ ದೀಕ್ಷಾಸ್ನಾನ, ಇನ್ನೊಂದು ಕಡೆ ಸಾವು. ರಿಜಿಸ್ಟರ್‌ನಲ್ಲಿ ಇರುವುದು ಬಿಡಿ ಬಿಡಿ ಸಾಲು ಅಷ್ಟೇ. ಚೀಟಿಗೆ ಇಳಿಸಿದಾಗಲೇ ಅದು ಸಂಸಾರ ಆಗುವುದು. ಕೆಲವು ಚೀಟಿಗಳ ಬಲಗಡೆ ಪೂರ್ತಿ ಒಂದೇ ತಿಂಗಳ ದಿನಾಂಕಗಳಿಂದ ತುಂಬಿಹೋದವು. ಅವತ್ತು ಜಾಸ್ತಿ ಹೊತ್ತು ಕೂರಲಾಗಲಿಲ್ಲ, ಎದ್ದು ಬಂದೆ.

ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವನಿಗಿಂತ ಮುಂಚೆ ಅಲ್ಲಿ ಪಾದ್ರಿಯಾಗಿದ್ದು ಕೆಲಸ ಕಳೆದುಕೊಂಡಿದ್ದ ಥಾಮಸ್ ಸ್ಟ್ಯಾನ್ಲಿ, ಮತಭೇದ ಬದಿಗಿಟ್ಟು, ಊರು ಬಿಟ್ಟು ಹೋಗಬೇಡಿ ಅಂತ ಜನರನ್ನು ಒಪ್ಪಿಸಿದ್ದರು. ರೋಗ ಪಕ್ಕದ ಊರುಗಳಿಗೆ ಹರಡಬಾರದು ಅಂತ. 76 ಮನೆಗಳಿಂದ 259 ಜನ ಸತ್ತರು ಅಂತ ಮಾಂಪೆಸನ್ನೇ ಪತ್ರದಲ್ಲಿ ಬರೆದಿದ್ದಾನೆ. ಅವನ ಹೆಂಡತಿ ಕ್ಯಾಥರೀನ್ ಕೂಡ ಆ ಆಗಸ್ಟ್‌ನಲ್ಲೇ ತೀರಿಕೊಂಡಳು.

ಎಲಿಜಬೆತ್ ಹ್ಯಾನ್‌ಕಾಕ್ ಹೆಸರಿನ ಮುಂದೆ ಮಾತ್ರ ನನ್ನ ಚೀಟಿ ಖಾಲಿ. ಪ್ಲೇಗಿನ ನಂತರ ಅವಳು ಶೆಫೀಲ್ಡ್‌ನಲ್ಲಿ ಕೆಲಸ ಕಲಿಯುತ್ತಿದ್ದ, ಉಳಿದ ಒಬ್ಬ ಮಗನ ಹತ್ತಿರ ಹೋದಳು ಅಂತ ಊರವರು ಹೇಳುತ್ತಾರೆ. ಈಗಿನ ಶೆಫೀಲ್ಡ್ ಕೆಥೀಡ್ರಲ್ ಆಗ ಇಲ್ಲಿನ ಪ್ಯಾರಿಷ್ ಚರ್ಚ್. ಅದರ ಸಾವಿನ ಪಟ್ಟಿಯನ್ನು 1666ರಿಂದ ಓದಲು ಶುರು ಮಾಡಿ, ಈಗ 1671ಕ್ಕೆ ಬಂದಿದ್ದೇನೆ.